ಜೇವರ್ಗಿಯ ಅರ್ಧ ತಾಸು

ಟಿವಿಯಲ್ಲಿ ಬರುವ ಕುಸ್ತಿಯೆಲ್ಲ ಮೊದಲೇ ಮಾತಾಡಿಕೊಂಡು ಆಡುವಂಥದ್ದು ಎಂದು ಅವ್ವನಿಗೆ ಹೇಳಿದವಳು ನಾನೇ. ನನ್ನ ಬಾಯಿಗೆ ಬೀಗ ಇಲ್ಲ. ನನ್ನ ಹೊಟ್ಟೆಯಲ್ಲಿ ಒಂದು ಮಾತು ಒಂದು ದಿನ ನಿಲ್ಲುವುದಿಲ್ಲ ಎಂದು ಆಳಂದದ ನಮ್ಮ ಓಣಿಯವರೆಲ್ಲ ಬಲ್ಲರು. ಶಾಲೆಯಲ್ಲಿ ನನ್ನ ಜೊತೆ ಪಾಠ ಮಾಡುವ ಶಿಕ್ಷಕಿಯರಂತೂ ನಾನು ಬಂದರೆ ಗುಟ್ಟಿನ ಮಾತು ಅಲ್ಲಿಗೇ ನಿಲ್ಲಿಸುತ್ತಾರೆ. ಆದರೂ ಆ ಮಾತನ್ನು ಎರಡು ದಿನ ತಡೆದಿದ್ದೆ. ಅರವತ್ತೆಂಟರ ಮುದುಕಿ. ಮೂವತ್ತು ವರ್ಷದಿಂದ ಆ ಕುಸ್ತಿಗಳನ್ನು ನೋಡಿ ಅತ್ತವಳು, ನಕ್ಕವಳು, ಪರದೆಯ ಮೇಲಿನ ದುಷ್ಟನಿಗೆ ‘ನಿನ್ನ ಕೈ ಸೇದಿ ಹೋಗ್ಲಿ’ ಎಂದು ಹಿಡಿಶಾಪ ಹಾಕಿದವಳು. ಎದೆ ಒಡೆದುಕೊಂಡರೆ ಏನು ಗತಿ ಎಂದು ನನಗೆ ಹೆದರಿಕೆ. ಹೇಳಿದೆ. ಎದೆ ಒಡೆದದ್ದು ನನ್ನದು.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ. ಅಪ್ಪ ಪೈಲವಾನ. ಆಳಂದದ ತಾಲೀಮಿನಲ್ಲಿ, ಎಂದರೆ ಗರಡಿಮನೆಯಲ್ಲಿ, ಕೆಮ್ಮಣ್ಣು ಮೈಗೆ ಬಳಿದುಕೊಂಡು ಬೆಳೆದವನು. ಅಫಜಲಪುರದಲ್ಲಾಗಲಿ ಜೇವರ್ಗಿಯಲ್ಲಾಗಲಿ ಕುಸ್ತಿಯ ಕಣ ಹೂಡಿದರೆ ಅಪ್ಪನ ಜೋಡಿ ಯಾರು ಎಂಬುದೇ ವಾರಗಟ್ಟಲೆ ಮಾತು. ಅವ್ವ ಮಾತ್ರ ಅಪ್ಪನ ಒಂದು ಕುಸ್ತಿಯನ್ನೂ ಕಣ್ಣಾರೆ ಕಂಡವಳಲ್ಲ. ಹೆಂಗಸರು ಕಣದ ಹತ್ತಿರ ಸುಳಿಯಬಾರದು ಎಂಬುದು ನಮ್ಮ ಕಡೆಯ ಕಟ್ಟು. ಯಾವ ಮಹಾರಾಯ ಆ ಕಟ್ಟು ಮಾಡಿದನೋ, ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆದರೆ ಅವ್ವ ಕುಸ್ತಿ ನೋಡಲು ಬೇರೆ ದಾರಿ ಕಂಡುಕೊಂಡಿದ್ದಳು. ಕುಸ್ತಿ ಮುಗಿಸಿ ಬಂದ ಮರುದಿನ ಮುಂಜಾನೆ ಅಪ್ಪ ಅಂಗಳದ ಎಳೆಬಿಸಿಲಿನಲ್ಲಿ ಮಣೆಯ ಮೇಲೆ ಅಂಗಿ ತೆಗೆದು ಕೂರುತ್ತಿದ್ದ. ಅವ್ವ ಕುಸುಬೆ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಸಿ, ಹಿತ್ತಾಳೆ ಬಟ್ಟಲಿನಲ್ಲಿ ತಂದು ಅವನ ಮೈಗೆ ತಿಕ್ಕುತ್ತಿದ್ದಳು. ತಿಕ್ಕುತ್ತ ತಿಕ್ಕುತ್ತ ಅವಳ ಬೆರಳು ಇಡೀ ಕುಸ್ತಿಯನ್ನು ಓದುತ್ತಿತ್ತು.

‘ಈ ಮಗ್ಗಲಿಗೆ ಮೊಣಕಾಲು ಊರ್ಯಾನ. ಎತ್ತರ ಇದ್ದನೇನ್ರಿ ಆಂವ?’

‘ಇದ್ದ.’

‘ಎಡಚ ಇರಬೇಕು. ಬಲಭುಜದ ಮ್ಯಾಲ ಹೆಚ್ಚಿಗಿ ಬಾವು ಅದ.’

‘ಹೌದು ಮಾರಾಯ್ತಿ, ಎಡಚ.’

‘ಕುತ್ತಿಗಿಗೆ ಉಗುರು ಹಚ್ಯಾನ, ಮೂಳ! ಉಗುರು ತಗಸೂದಿಲ್ಲೇನು ನಿಮ್ಮ ಪಂಚರು?’

ಹೀಗೆ ಒಂದೊಂದೇ ಬಾವು ಮುಟ್ಟಿ ಒಂದೊಂದೇ ಪಟ್ಟು ಹೇಳುವಳು. ಅಪ್ಪ ನಗುವನು. ಎದೆ, ಬೆನ್ನು, ಭುಜ, ಕುತ್ತಿಗೆ ಎಲ್ಲ ಮುಗಿದ ಮೇಲೆ ಕೊನೆಗೆ ‘ಕೈ ಎತ್ರಿ’ ಎನ್ನುವಳು. ಅಪ್ಪ ಎರಡೂ ಕೈ ಎತ್ತುವನು. ಬಗಲಿಗೆ ಬೆರಳು ಹೋದದ್ದೇ ತಡ, ಮೂರು ತಾಲೂಕನ್ನು ಹೆದರಿಸಿದ ಪೈಲವಾನ ಕಚಗುಳಿ ತಾಳಲಾರದೆ ಕಿಸಿಕಿಸಿ ನಗುತ್ತಿದ್ದ. ಆ ನಗು ಕೇಳಿದರೆ ಎಣ್ಣೆ ತಿಕ್ಕುವುದು ಮುಗಿಯಿತು ಎಂದು ನನಗೆ ಗೊತ್ತಾಗುತ್ತಿತ್ತು. ಆಗ ನನಗೆ ಏಳೋ ಎಂಟೋ ವರ್ಷ.

ಜೇವರ್ಗಿ ಅವ್ವನ ತವರು. ಅಲ್ಲಿಯ ನಮ್ಮ ಅಜ್ಜ ಕುಸ್ತಿಯ ಹುಚ್ಚ. ದೊಡ್ಡ ಮಗಳನ್ನು ಅಪ್ಪನಿಗೆ ಕೊಟ್ಟದ್ದೇ ಅವನ ಕುಸ್ತಿ ನೋಡಿ. ಸಣ್ಣ ಮಗಳನ್ನು, ಎಂದರೆ ನನ್ನ ಸಣ್ಣವ್ವನನ್ನು, ಗೊಬ್ಬೂರಿನ ಒಬ್ಬ ತರುಣ ಪೈಲವಾನನ ಮನೆಯವರು ಕೇಳಿ ಬಂದರು. ಹುಡುಗನೂ ಹುಡುಗಿಯೂ ಮೊದಲೇ ಒಬ್ಬರನ್ನೊಬ್ಬರು ಕಂಡು ಮೆಚ್ಚಿದ್ದರು ಎಂದು ಆಮೇಲೆ ತಿಳಿಯಿತು. ಅಜ್ಜ ಒಂದು ಷರತ್ತು ಹಾಕಿದ. ‘ನನ್ನ ದೊಡ್ಡಳಿಯನ ಮುಂದ ಕಣದಾಗ ಅರ್ಧ ತಾಸು ನಿಂತು ತೋರ್ಸಪಾ. ಗೆಲ್ಲೂದು ಬ್ಯಾಡ. ನಿಂತ್ರ ಸಾಕು, ಹೆಣ್ಣು ನಿಂದು.’ ಅಪ್ಪನ ಎದುರು ಅಲ್ಲಿಯವರೆಗೆ ಹತ್ತು ನಿಮಿಷ ನಿಂತವರು ಇರಲಿಲ್ಲ. ಇದು ಹೆಣ್ಣು ಕೊಡುವ ಮಾತೋ, ಕೊಡದಿರುವ ಮಾತೋ ಎಂದು ಜನ ನಕ್ಕರಂತೆ.

ಆ ಕುಸ್ತಿಯನ್ನು ನಾನೂ ನೋಡಿಲ್ಲ. ಆದರೆ ಎಷ್ಟು ಬಾಯಿಂದ ಕೇಳಿದ್ದೇನೆ ಎಂದರೆ ಕಣ್ಣು ಮುಚ್ಚಿದರೆ ಕಾಣುತ್ತದೆ. ಬಸ್ಸಿನಲ್ಲಿ, ಮದುವೆಮನೆಯಲ್ಲಿ, ತಹಶೀಲ್ ಕಚೇರಿಯ ಸಾಲಿನಲ್ಲಿ, ನಾನು ಯಾರ ಮಗಳು ಎಂದು ತಿಳಿದ ತಕ್ಷಣ ಮುದುಕರು ಶುರು ಮಾಡುತ್ತಿದ್ದರು. ಇಬ್ಬರೂ ತಲೆಗೆ ತಲೆ ಕೊಟ್ಟು ಎಷ್ಟೋ ಹೊತ್ತು ಕೋಣಗಳ ಹಾಗೆ ನಿಂತರು. ಗೊಬ್ಬೂರಿನ ಹುಡುಗ ಒಮ್ಮೆಲೆ ಅಪ್ಪನನ್ನು ಎತ್ತಿದ. ಅಪ್ಪನನ್ನು! ಹಲಗಿ ಬಾರಿಸುವವರು ಬಾರಿಸುವುದನ್ನೇ ಮರೆತರು. ಅಪ್ಪ ಮೀನಿನಂತೆ ಜಾರಿ ಕೆಳಗಿಳಿದ. ಮತ್ತೆ ಎತ್ತಿದ, ಮತ್ತೆ ಜಾರಿದ. ಮೂರನೆಯ ಸಲ ಅಪ್ಪನ ಬೆನ್ನು ಇನ್ನೇನು ಮಣ್ಣಿಗೆ ತಾಗಿತು ಎನ್ನುವಾಗ ಸೇತುವೆಯಂತೆ ಬಾಗಿ ನಿಂತುಬಿಟ್ಟ. ಮುಂದಿನ ಸಾಲಿನಲ್ಲಿ ಅಜ್ಜ ಗಡಿಯಾರ ಕೈಯಲ್ಲಿ ಹಿಡಿದು ಎದ್ದು ನಿಂತಿದ್ದ. ಅರ್ಧ ತಾಸು ಆಯಿತು ಎಂದು ಅವನು ಕೈ ಎತ್ತಿ ತೋರಿಸಿದ ಮೇಲೆ ಅಪ್ಪ ಆ ಹುಡುಗನ ಸೊಂಟಕ್ಕೆ ಕೈ ಹಾಕಿ ಎತ್ತಿಕೊಂಡು ಕಣದಲ್ಲಿ ಒಂದು ಸುತ್ತು ಬಂದ. ಎಸೆಯಲಿಲ್ಲ. ತೊಟ್ಟಿಲಿಗೆ ಕೂಸು ಹಾಕಿದಂತೆ ಮೆಲ್ಲಗೆ ಮಣ್ಣಿನ ಮೇಲೆ ಮಲಗಿಸಿದ. ‘ಏನು ಸೊಕ್ಕು, ಏನು ತಾಕತ್ತು!’ ಎಂದು ಮುದುಕರು ಇಲ್ಲಿಗೆ ಬಂದಾಗ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಪ್ಪ ಗೆದ್ದ. ಹುಡುಗ ನಿಂತ. ಸಣ್ಣವ್ವನ ಮದುವೆ ಆಯಿತು, ಆ ಹುಡುಗ ನನಗೆ ಕಾಕಾ ಆದ. ಅಂದು ಕೊಟ್ಟ ಬೆಳ್ಳಿಯ ಗದೆ ನಮ್ಮ ಪಡಸಾಲೆಯಲ್ಲಿ ಇಂದಿಗೂ ತೂಗಾಡುತ್ತದೆ. ವಿಭೂತಿ ಹಚ್ಚಿ ಅದನ್ನು ಉಜ್ಜುವವಳು ನಾನೇ. ಅವ್ವ ಅದಕ್ಕೆ ಎಂದೂ ಕೈ ಹಚ್ಚಲಿಲ್ಲ. ಅಪ್ಪ ಆಮೇಲೆ ಕಣಕ್ಕೆ ಇಳಿಯಲೇ ಇಲ್ಲ. ಸೋಲು ಕಾಣದೆ ಮೆರೆದಾಗಲೇ ಬಿಟ್ಟ ಎಂದು ಜನ ಕೊಂಡಾಡಿದರು, ನಾನೂ ಹಾಗೇ ನಂಬಿದೆ. ಕುಸ್ತಿ ನಿಂತ ಮೇಲೆ ಎಣ್ಣೆ ತಿಕ್ಕುವುದೂ ನಿಂತಿತು. ಪೆಟ್ಟು ಇಲ್ಲದ ಮೈಗೆ ಎಣ್ಣೆ ಯಾಕೆ ಎಂದುಕೊಂಡಿದ್ದೆ. ನನ್ನಂಥ ದಡ್ಡಿ ಬೇರೆ ಇಲ್ಲ.

ಮನೆಗೆ ಟಿವಿ ಬಂದಾಗ ಅವ್ವನಿಗೆ ಮೊದಲ ಸಲ ಕುಸ್ತಿ ಕಣ್ಣಿಗೆ ಬಿತ್ತು. ಪರದೇಶದ ಕುಸ್ತಿ. ಹಗ್ಗದ ಚೌಕ, ಥಳಥಳ ಚಡ್ಡಿ, ಉದ್ದ ಕೂದಲು, ಹಾಡು ಹಾಕಿಕೊಂಡು ಬರುವ ಗಂಡಸರು. ‘ಇವರ್ಯಾಕ ಬೇ ಮದಲಗಿತ್ತಿ ಹಂಗ ಮೆರವಣಿಗಿ ಬರ್ತಾರ?’ ಎಂದು ಕೇಳಿದವಳು ವಾರದೊಳಗೆ ಅದರ ಗೀಳು ಹಚ್ಚಿಕೊಂಡಳು. ಡಿಶ್ ಹಾಕಲು ಬಂದ ಪಕ್ಕದ ಓಣಿಯ ಚಾಚಾ ‘ಅಮ್ಮಾ, ಇದೆಲ್ಲಾ ಡ್ರಾಮಾ ಅದರೀ’ ಎಂದದ್ದಕ್ಕೆ ಅವನಿಗೆ ಚಹಾ ಕೊಡದೆ ಕಳಿಸಿದ್ದಳು. ಅಪ್ಪ ಮಾತ್ರ ಅದು ಶುರುವಾದರೆ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂರುತ್ತಿದ್ದ. ಖರೆ ಪೈಲವಾನನಿಗೆ ಸುಳ್ಳು ಕುಸ್ತಿ ಹೇಸಿಗೆ ಎಂದು ನಾನು ತಿಳಿದೆ.

ಈಗ ಅವ್ವನಿಗೆ ಟಿವಿಯೂ ಬೇಡ. ಸಂಜೆ ನಾನು ಶಾಲೆಯಿಂದ ಬಂದರೆ ನನ್ನ ಮೊಬೈಲಿನಲ್ಲಿ ಹಳೆಯ ಕುಸ್ತಿಗಳನ್ನು ಹಚ್ಚಿಕೊಡಬೇಕು. ಹೊಸವು ಅವಳಿಗೆ ಸೇರುವುದಿಲ್ಲ. ಅವಳಿಗೆ ಮೂರು ಕುಸ್ತಿ ಎಂದರೆ ಪ್ರಾಣ. ಒಂದರಲ್ಲಿ ಇಬ್ಬರು ಸಾಧಾರಣ ಮೈಕಟ್ಟಿನವರು ಇಡೀ ಒಂದು ತಾಸು ಬಿಡದೆ ಹೋರಾಡುತ್ತಾರೆ. ಒಬ್ಬ ಮೊದಲ ಹತ್ತು ನಿಮಿಷದಲ್ಲಿ ಕಾಲಿಗೆ ಪೆಟ್ಟು ತಿಂದರೆ ಕೊನೆಯವರೆಗೂ ಅದೇ ಕಾಲು ಎಳೆಯುತ್ತಾನೆ, ಒಮ್ಮೆಯೂ ಮರೆಯುವುದಿಲ್ಲ. ‘ಹೋಳಿಗಿ ಮಾಡಿದಂಗ ಮಾಡ್ತಾರ ನೋಡು, ಗಡಬಡಿ ಇಲ್ಲ’ ಎನ್ನುವಳು ಅವ್ವ. ಇನ್ನೊಂದರಲ್ಲಿ ಎಲ್ಲರೂ ಬೈಯುವ ದುಷ್ಟ ಒಬ್ಬ, ಎಲ್ಲರೂ ಮೆಚ್ಚುವ ಸಂಭಾವಿತ ಒಬ್ಬ. ದುಷ್ಟ ಕಾಲು ತಿರುಚುವ ಪಟ್ಟಿನಲ್ಲಿ ಸಿಕ್ಕು, ಹಣೆಯಿಂದ ನೆತ್ತರು ಸುರಿಸುತ್ತ, ಸೋತೆ ಎನ್ನದೆ ಎಚ್ಚರ ತಪ್ಪುತ್ತಾನೆ. ಸಂಭಾವಿತ ಅವನು ಬಿದ್ದ ಮೇಲೂ ಬಿಡದೆ ಹೊಡೆಯುತ್ತಾನೆ. ಶುರುವಿನಲ್ಲಿ ಬೈದ ಜನವೇ ಕೊನೆಗೆ ದುಷ್ಟನಿಗೆ ಜೈ ಎನ್ನುತ್ತಾರೆ. ಒಂದೇ ಕುಸ್ತಿಯೊಳಗೆ ಸಾವಿರಾರು ಜನರ ಮನಸ್ಸನ್ನು ಹೀಗೆ ತಿರುವಿ ಹಾಕಬಹುದೇ ಎಂದು ಮೊದಲ ಸಲ ನೋಡಿದಾಗ ನಾನು ಬೆಪ್ಪಾಗಿದ್ದೆ. ಮೂರನೆಯದು ಒಬ್ಬ ಮುದಿ ಪೈಲವಾನನ ಕೊನೆಯ ಕುಸ್ತಿ. ಅವನನ್ನು ಕೆಡವಬೇಕಾದವನು ಅವನನ್ನೇ ದೇವರೆಂದು ಬೆಳೆದವನು. ಕೊನೆಯ ಒದೆತಕ್ಕೆ ಮೊದಲು ಆ ಕಿರಿಯನ ಕಾಲು ಏಳುವುದಿಲ್ಲ, ಅಳುತ್ತಾನೆ. ಅವ್ವನೂ ಪ್ರತಿ ಸಲ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ.

ಒಂದು ದಿನ ನನಗೆ ಒಂದು ವಿಡಿಯೋ ಸಿಕ್ಕಿತು. ನಿವೃತ್ತನಾದ ಒಬ್ಬ ಪೈಲವಾನ ತಮ್ಮ ಕಸುಬಿನ ಒಳಗುಟ್ಟು ಹೇಳುತ್ತಿದ್ದ. ಯಾರು ಗೆಲ್ಲಬೇಕು ಎಂಬುದು ಮೊದಲೇ ಗೊತ್ತಿರುತ್ತದೆ. ಇಬ್ಬರೂ ತಲೆ ತಬ್ಬಿಕೊಂಡು ನಿಂತಾಗ ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಮುಂದಿನ ಪಟ್ಟು ಹೇಳುತ್ತಾನೆ. ಎತ್ತಿ ಎಸೆದಂತೆ ಕಾಣುವಾಗ ಎಸೆಯಿಸಿಕೊಂಡವನು ತಾನೇ ಜಿಗಿದಿರುತ್ತಾನೆ. ಎದುರಿನವನ ಮೈಯನ್ನು ಹೇಗೆ ಬಂತೋ ಹಾಗೆ ಮನೆಗೆ ಕಳಿಸುವವನೇ ದೊಡ್ಡ ಕಸುಬುದಾರ. ನಾನು ಬಾಯಿ ತೆರೆದುಕೊಂಡು ಕೇಳಿದೆ. ನನಗೂ ಸ್ವಲ್ಪ ಅನುಮಾನ ಇತ್ತು, ಆದರೆ ಇಷ್ಟೊಂದು ಹೆಣಿಗೆ ಇದೆಯೆಂದು ಕನಸಲ್ಲೂ ಎಣಿಸಿರಲಿಲ್ಲ.

ಅದೇ ವಾರ ಜೇವರ್ಗಿಯಿಂದ ಫೋನ್ ಬಂದಿತ್ತು. ಅಲ್ಲಿಯ ಕುಸ್ತಿಪ್ರಿಯರು ಸೇರಿ ಭಾನುವಾರ ಅಪ್ಪನಿಗೆ ಸನ್ಮಾನ ಇಟ್ಟುಕೊಂಡಿದ್ದರು. ‘ಆ ಕುಸ್ತಿ ಬಗ್ಗೆ ನೀವೇ ಬರದು ಓದ್ರಿ ಟೀಚರ್’ ಎಂದಿದ್ದರು. ನಾನು ಉಬ್ಬಿ ಹೋಗಿ ಆರು ಹಾಳೆ ಬರೆದಿದ್ದೆ. ಎಸೆಯದೆ ಮಲಗಿಸಿದ್ದಕ್ಕೆ ಒಂದು ಪೂರ್ತಿ ಹಾಳೆ.

ಗುರುವಾರ ಸಂಜೆ ಆ ಹಾಳೆಗಳನ್ನು ಅವ್ವನಿಗೆ ಓದಿ ಹೇಳಬೇಕೆಂದು ಕೂತೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಓದುವ ಮೊದಲು ಆ ವಿಡಿಯೋ ಮಾತು ಬಾಯಿಂದ ಜಾರಿಬಿಟ್ಟಿತು. ‘ಅವ್ವಾ, ಬ್ಯಾಸರ ಮಾಡ್ಕೋಬ್ಯಾಡ. ನೀ ನೋಡೂ ಕುಸ್ತಿ ಖರೆ ಅಲ್ಲ. ಎಲ್ಲಾ ಮೊದಲ ಮಾತಾಡ್ಕೊಂಡಿರ್ತಾರ.’

ಅವ್ವ ತಲೆ ಎತ್ತಲಿಲ್ಲ. ‘ಗೊತ್ತದ ಬೇ.’

‘ಗೊತ್ತದ? ಯಾವಾಗಿಂದ?’

‘ಮೊದಲನೇ ದಿನದಿಂದ.’

‘ಮತ್ತ ಅಳ್ತಿದ್ದೆಲ್ಲ?’

‘ಅವ್ರ ಮೈ ನೋಡು. ಎದಿ ಮ್ಯಾಲ ಐದೂ ಬೆರಳು ಮೂಡಿರ್ತಾವ. ಬೆನ್ನು ಕಿತ್ತಿರ್ತದ. ಮಾತಾಡ್ಕೊಂಡು ಆಡಿದ್ರೂ ಪೆಟ್ಟು ಖರೇನ ತಿಂತಾರ. ಪಾಪ, ಅದಕ್ಕ ಅಳ್ತೇನಿ. ಅವ್ರು ನಿಮ್ಮಪ್ಪನಂಗಲ್ಲ.’

ನನ್ನ ಕೈಯಲ್ಲಿದ್ದ ಹಾಳೆಗಳನ್ನು ಕೆಳಗಿಟ್ಟೆ. ‘ಅಪ್ಪನಂಗ ಅಂದ್ರ?’

‘ಜೇವರ್ಗಿದು ನೂರಾ ಕುಸ್ತಿ.’

ಮೊದಲೇ ಮಾತಾಡಿಕೊಂಡು ಜನರ ಕಣ್ಣಿಗೆ ಮಣ್ಣೆರಚುವ ಕುಸ್ತಿಗೆ ನಮ್ಮ ಕಡೆ ನೂರಾ ಕುಸ್ತಿ ಎನ್ನುತ್ತಾರೆ. ಪೈಲವಾನನಿಗೆ ಅದಕ್ಕಿಂತ ಕೆಟ್ಟ ಬೈಗುಳ ಇಲ್ಲ. ತಾಲೀಮಿನಲ್ಲಿ ಆ ಮಾತು ಆಡಿದರೆ ಹಲ್ಲು ಉದುರುತ್ತವೆ. ಅದನ್ನು ನನ್ನ ಅವ್ವ, ಅಪ್ಪನ ಹೆಂಡತಿ, ಅವರೆಕಾಯಿ ಸುಲಿಯುತ್ತ ಆಡಿದಳು. ನನಗೆ ಒಮ್ಮೆಲೆ ಸಿಟ್ಟು ನೆತ್ತಿಗೇರಿತು. ‘ನಾಲಿಗಿ ಹಿಡದು ಮಾತಾಡಬೇ ಅವ್ವಾ’ ಎಂದುಬಿಟ್ಟೆ. ಹೆತ್ತವಳಿಗೆ ಹಾಗೆ ಅಂದದ್ದು ಅದೇ ಮೊದಲು.

ಅವಳಿಗೆ ಸಿಟ್ಟು ಬರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ‘ಮರುದಿನ ಮುಂಜಾನಿ ಎಣ್ಣಿ ಕಾಸಿ ತಂದೆ. ಅಂಗಿ ತಗದ್ರು. ಎದಿ ನೋಡ್ದೆ, ಬೆನ್ನು ನೋಡ್ದೆ, ಕುತ್ತಿಗಿ ನೋಡ್ದೆ. ಕೂಸಿನ ಮೈ ಇದ್ದಂಗ ಇತ್ತು. ಅರ್ಧ ತಾಸು ಕುಸ್ತಿ ಅಂತ, ಮೂರು ಸಲ ಎತ್ತ್ಯಾನ ಅಂತ, ಒಂದು ಕೆಂಪು ಗೆರಿ ಇಲ್ಲ! ಇಬ್ಬರೂ ಯಾವಾಗ ಮಾತಾಡ್ಕೊಂಡ್ರಿ ಅಂತ ಕೇಳ್ದೆ. ಸುಮ್ಮ ಕುಂತ್ರು. ಇಲ್ಲ ಅನ್ನಬೇಕಿಲ್ಲ? ಅನ್ಲಿಲ್ಲ. ಬಟ್ಲಾ ಅಲ್ಲೇ ಇಟ್ಟು ಒಳಗ ಹೋದೆ. ನಮ್ಮಪ್ಪ ಸಾಯೂತನಕ ಆ ಕುಸ್ತಿ ಹೇಳ್ಕೊಂತ ಸತ್ತ. ನಂಬಿದ ಮುದುಕನ್ನ ಇಬ್ಬರು ಅಳಿಯಂದಿರೂ ಕೂಡಿ ಮಂಗ ಮಾಡಿದ್ರು.’

ಅಯ್ಯೋ ಶಿವನೇ! ನಲವತ್ತು ವರ್ಷ. ಈ ಹೆಂಗಸು ನಲವತ್ತು ವರ್ಷ ಅವನಿಗೆ ರೊಟ್ಟಿ ಬಡಿದು ಹಾಕಿದ್ದಾಳೆ, ಜ್ವರ ಬಂದರೆ ಗಂಜಿ ಕಾಸಿದ್ದಾಳೆ, ಜಗಳ ಒಂದೂ ಆಡಿಲ್ಲ. ಎಣ್ಣೆ ಬಟ್ಟಲು ಮಾತ್ರ ಮುಟ್ಟಿಲ್ಲ. ಅಪ್ಪನ ಮಂಡಿ ಹಿಡಿದುಕೊಂಡಾಗ ಎಣ್ಣೆ ತಿಕ್ಕಲು ತಾಲೀಮಿನಿಂದ ಆಳು ಬರುತ್ತಿದ್ದ, ಅಲ್ಲಾದರೂ ನನಗೆ ಹೊಳೆಯಬಾರದಿತ್ತೇ? ಮನೆಯಲ್ಲಿ ಹಾಡುಹಗಲು ಕಂಡದ್ದನ್ನು ಕಾಣದೆ ಬೆಳೆದೆನಲ್ಲ ಎಂದು ನನ್ನ ಮೇಲೇ ನನಗೆ ನಾಚಿಕೆಯಾಯಿತು.

ಸೀದಾ ಹೊರಗೆ ಕಟ್ಟೆಗೆ ಹೋದೆ. ಅಪ್ಪ ಕೋಲಿಗೆ ಗದ್ದ ಊರಿ ಕೂತಿದ್ದ. ‘ಅಪ್ಪಾ, ಜೇವರ್ಗಿ ಕುಸ್ತಿ ಖರೆಯೋ ಸುಳ್ಳೋ?’

ಅವನು ನನ್ನನ್ನು ನೋಡಿದ. ಎಪ್ಪತ್ತೈದರ ಮುಖದಲ್ಲಿ ಏನೂ ಅಲುಗಲಿಲ್ಲ. ‘ನಿಮ್ಮವ್ವ ಹೇಳಿದ್ಳೇನು?’

‘ಹೌದು.’

‘ಅಕಿ ಎಣ್ಣಿ ಬಟ್ಲಾ ಇಟ್ಳು. ನಾ ಕಣ ಬಿಟ್ಟೆ. ಮುಗೀತಲ್ಲ. ಇನ್ನೇನು ಕೇಳ್ತೀ?’ ಎಂದು ಚಪ್ಪಲಿ ಮೆಟ್ಟಿಕೊಂಡು ತಾಲೀಮಿನ ಕಡೆ ನಡೆದ. ಇಲ್ಲ ಎನ್ನಲಿಲ್ಲ. ನನಗೂ ಇಲ್ಲ ಎನ್ನಲಿಲ್ಲ.

ಭಾನುವಾರ ನೂರಾರು ಜನರ ಮುಂದೆ ನಾನು ಏನು ಓದಬೇಕು? ಅದು ಹಾಳಾಗಿ ಹೋಗಲಿ, ಇನ್ನು ಈ ಮನೆಯಲ್ಲಿ ಆ ಇಬ್ಬರ ನಡುವೆ ನಾನು ಹೇಗೆ ಕೂತು ಉಣ್ಣಲಿ? ಶುಕ್ರವಾರ ಶಾಲೆಗೆ ರಜೆ ಚೀಟಿ ಕಳಿಸಿ, ಎರಡು ಬಸ್ಸು ಬದಲಿಸಿ ಗೊಬ್ಬೂರಿಗೆ ಹೋದೆ. ದಾರಿಯುದ್ದಕ್ಕೂ ಕಾಕಾನಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಂಡೆ.

ಕಾಕಾ ತೊಗರಿ ರಾಶಿಯ ಹೊಟ್ಟು ಕೊಡವಿಕೊಂಡು ಆಗಷ್ಟೇ ಹೊಲದಿಂದ ಬಂದಿದ್ದ. ‘ಬಾರವ್ವ, ಬಾ. ಫೋನ್ ಮಾಡಿ ಬರಬಾರ್ದೇನು?’ ಎಂದು ಬೊಚ್ಚು ಬಾಯಿ ಅಗಲಿಸಿ ನಕ್ಕ. ಸಣ್ಣವ್ವ ಒಳಗೆ ಒಲೆಯ ಮುಂದೆ ಇದ್ದಳು. ನಾನು ನೀರು ಕೂಡ ಕುಡಿಯದೆ ಕೇಳಿದೆ. ‘ಕಾಕಾ, ನೀನೂ ಅಪ್ಪಾನೂ ಕೂಡಿ ಅಜ್ಜಗ ಮೋಸ ಮಾಡಿದ್ರೇನು? ಅವ್ವ ನಲವತ್ತು ವರ್ಷದಿಂದ ಹಂಗ ತಿಳ್ಕೊಂಡಾಳ. ಅಪ್ಪನ ಮೈ ಮ್ಯಾಲ ಒಂದು ಬಾವು ಇದ್ದಿಲ್ಲಂತ. ಅಂದಿನಿಂದ ಅಕಿ ಅಪ್ಪಗ ಎಣ್ಣಿ ಹಚ್ಚಿಲ್ಲ.’

ಕಾಕಾನ ನಗು ಹೋಯಿತು. ಕೈ ಹಿಂದೆ ಮಾಡಿ ಗೋಡೆ ತಡವಿ ಮೆಲ್ಲಗೆ ಕೂತ. ‘ಏನಂದಿ? ವೈನಿ ಹಂಗ ತಿಳ್ಕೊಂಡಾರ? ನಿಮ್ಮಪ್ಪ ಹೇಳಿಲ್ಲ?’

‘ಏನು ಹೇಳಿಲ್ಲ?’

ಕಾಕಾ ಎಲ್ಲ ಹೇಳಿದ. ಕುಸ್ತಿಗೆ ನಾಲ್ಕು ದಿನ ಇದ್ದಾಗ ಹೋರಿ ಹಾಯ್ದು ಅವನ ಎಡಪಕ್ಕೆಯ ಎಲುಬು ಮುರಿದಿತ್ತು. ಕುಸ್ತಿ ಬಿಟ್ಟರೆ ಹೆದರಿದ ಎನ್ನುತ್ತಾರೆ, ಅಜ್ಜ ಹೆಣ್ಣು ಕೊಡುವುದಿಲ್ಲ. ಲಂಗೋಟದ ಮೈ, ಬಟ್ಟೆ ಸುತ್ತುವಂತಿಲ್ಲ. ಕಪ್ಪಾದ ಮಗ್ಗಲಿಗೆ ಕೆಮ್ಮಣ್ಣು ದಪ್ಪಗೆ ಮೆತ್ತಿಕೊಂಡು ಕಣಕ್ಕೆ ಇಳಿದ. ಅಪ್ಪನಿಗೆ ಏನೂ ಗೊತ್ತಿರಲಿಲ್ಲ. ಅದಕ್ಕೆ ಮೊದಲು ಇಬ್ಬರೂ ಒಂದು ಮಾತನ್ನೂ ಆಡಿದವರಲ್ಲ.

‘ತಲಿಗೆ ತಲಿ ಕೊಟ್ವಿ. ಅಣ್ಣ ಒಂದು ಸಲ ಒತ್ತಿದ್ರು, ನನ್ನ ಕಣ್ಣಾಗ ಕತ್ಲಿ ಬಂತು. ಕಿವ್ಯಾಗ ಹೇಳ್ದೆ, ಅಣ್ಣಾ, ಎಡಗಡಿ ಎಲುಬು ಮುರದದ, ಅರ್ಧ ತಾಸು ನಿಲ್ಲಸು ಅಂತ. ಅವರ ಕೈ ಅಲ್ಲೇ ಸಡಿಲಾತು. ತಲಿ ಎತ್ತಬ್ಯಾಡ, ನಾ ಹೇಳಿದಂಗ ಬಾ, ಅಂದ್ರು. ಅಷ್ಟ ನೋಡವ್ವ. ಆಮ್ಯಾಲ ಎಲ್ಲಾ ಅವರೇ ಹೇಳ್ಕೊಂತ ಹೋದ್ರು. ಈಗ ಬಲಗಾಲು ಇಡು. ಈಗ ನನ್ನ ಎತ್ತು, ನಾನ ಜಿಗಿತೇನಿ, ನೀ ಬರೇ ಕೈ ಹಚ್ಚು. ಈಗ ಉಸಿರು ತಗೋ, ನಾ ಹಿಡ್ಕೊಂಡಿರ್ತೇನಿ. ಮೂರು ಸಲ ನಾ ಅವರನ್ನ ಎತ್ತಿಲ್ಲ. ಅವರೇ ನನ್ನ ಹೆಗಲಿಗೆ ಹಾರ್ಯಾರ. ಕಡಿಗಿ ನನ್ನ ಎತ್ಕೊಂಡಾಗ ಎಲುಬಿಗೆ ಒಂದು ಬೆರಳು ಹತ್ತಗೊಡ್ಲಿಲ್ಲ. ಮಲಗಿಸಿದ್ರು.’

ನಾನು ಬರೆದಿದ್ದ ಆ ಪೂರ್ತಿ ಹಾಳೆ ನೆನಪಾಯಿತು. ಸೊಕ್ಕಂತೆ, ತಾಕತ್ತಂತೆ! ವಿಡಿಯೋದಲ್ಲಿ ಆ ಪರದೇಶದ ಪೈಲವಾನ ಹೇಳಿದ್ದೆಲ್ಲವನ್ನೂ, ಟಿವಿಯಲ್ಲಿ ಒಂದು ಕ್ಷಣ ಕೂಡ ಕುಸ್ತಿ ನೋಡದ ನನ್ನ ಅಪ್ಪ, ಯಾರೂ ಕಲಿಸದೆ, ನಿಂತ ನಿಲುವಿನಲ್ಲಿ, ಒಬ್ಬ ಮುರಿದ ಮನುಷ್ಯನನ್ನು ಕೈಯಲ್ಲಿ ಹಿಡಿದುಕೊಂಡು ಅರ್ಧ ತಾಸು ಕಟ್ಟಿದ್ದ. ಮೈಗೆ ಗಾಯ ಎಲ್ಲಿಂದ ಬರಬೇಕು? ಕಾಕಾನಿಗೆ ಒತ್ತಲು ಶಕ್ತಿ ಇರಲಿಲ್ಲ, ಅಪ್ಪನಿಗೆ ಒತ್ತುವ ಮನಸ್ಸಿರಲಿಲ್ಲ.

‘ಅಷ್ಟು ನೋವಿಗೆ ನೀ ಕೂಗ್ಲಿಲ್ಲೇನು ಕಾಕಾ?’

ಅವನು ಬಾಯಿಗೆ ಅಂಗೈ ಅಡ್ಡ ಹಿಡಿದು, ನಾಚಿದ ಹುಡುಗಿಯಂತೆ ತಲೆ ತಗ್ಗಿಸಿದ. ‘ಅದೊಂದು ಕೇಳಬ್ಯಾಡವ್ವ’ ಎಂದ. ಆಮೇಲೆ, ‘ಯಾರ ಮುಂದೂ ಹೇಳಬ್ಯಾಡಣ್ಣ, ಮದವಿ ಮುರಿತದ ಅಂತ ಕಣದಾಗ ಆಣಿ ಹಾಕ್ಸಿದ್ದೆ. ಮದವಿ ಆಗಿ ಮಕ್ಕಳಾದ್ಮ್ಯಾಲೂ ಬಿಡಸ್ಲಿಲ್ಲ. ಇಕಿ ನನ್ನ ಪೈಲವಾನ ಅಂತ ತಿಳ್ಕೊಂಡಾಳಲ್ಲ, ಅದು ಕಳೀಬಾರ್ದಂತ ಸುಮ್ಮನಿದ್ದೆ’ ಎಂದ.

ಒಳಗಿನಿಂದ ಸಣ್ಣವ್ವನ ದನಿ ಬಂತು. ‘ನಂಗ ಮದವಿ ಆದ ಮರುದಿನನ ಗೊತ್ತಾಗೇದ. ಎಡಮಗ್ಗಲಿಗೆ ಹೊರಳಾಕ ಬರ್ತಿದ್ದಿಲ್ಲ ನಿಮಗ. ನಾ ಎಲುಬಿನ ಸಂಗಾಟ ಮದವಿ ಆಗಿಲ್ರಿ, ಚಹಾ ಕುಡೀರಿ.’

ಯಾರಿಗಾಗಿ ಮುಚ್ಚಿಟ್ಟರೋ ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಮುಚ್ಚಿಟ್ಟದ್ದಕ್ಕೆ ದಂಡ ತೆತ್ತವರು ಆಳಂದದಲ್ಲಿ ಕೂತಿದ್ದರು. ಕಾಕಾ ಗಲ್ಲ ಒರೆಸಿಕೊಂಡು, ‘ಎಲ್ಲರ ಮುಂದ ಓದವ್ವ. ನಾನೂ ಜೇವರ್ಗಿಗೆ ಬಂದು ಕುಂಡ್ರತೇನಿ’ ಎಂದ.

ಶುಕ್ರವಾರ ಸಂಜೆಯೇ ಮನೆಗೆ ಬಂದು ಅಡುಗೆಮನೆಯಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳ ಕೈಯ ರೊಟ್ಟಿ ಕರಕಾದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಕಡೆಗೆ, ‘ಹೋರಿ ಹಾಯ್ದದ್ದು ಆಂವ ಹೇಳ್ತಾನ. ನಿಮ್ಮಪ್ಪ ಹೇಳ್ಲಿ’ ಎಂದಳು, ಅಷ್ಟೇ. ಶನಿವಾರ ಇಡೀ ದಿನ ಇಬ್ಬರೂ ಎಂದಿನ ಹಾಗೇ ಇದ್ದರು. ನಾನು ಆ ಆರು ಹಾಳೆಗಳನ್ನು ಹರಿದು ಹಾಕಿದೆ, ಹೊಸದು ಬರೆಯಲು ಕೈ ಬರಲಿಲ್ಲ.

ಭಾನುವಾರ ಹತ್ತು ಗಂಟೆಗೆ ಜೇವರ್ಗಿಯಿಂದ ಜೀಪು ಬರುವುದಿತ್ತು. ಅಪ್ಪ ಏಳಕ್ಕೇ ಇಸ್ತ್ರಿ ಅಂಗಿ ತೊಟ್ಟು ಅಂಗಳದಲ್ಲಿ ಕೂತಿದ್ದ. ಒಳಗಿನಿಂದ ಬೆಳ್ಳುಳ್ಳಿ, ಅಜವಾನ ಎಣ್ಣೆಯಲ್ಲಿ ಸಿಡಿಯುವ ವಾಸನೆ ಬಂತು. ಅಪ್ಪ ಮೂಗೆತ್ತಿದ. ಅವ್ವ ಆ ಹಳೆಯ ಹಿತ್ತಾಳೆ ಬಟ್ಟಲು ಹಿಡಿದು ಬಂದು ಅವನ ಎದುರು ನಿಂತಳು.

‘ಅಂಗಿ ತಗೀರಿ.’

ಅಪ್ಪ ಅವಳ ಮುಖ ನೋಡಿದ, ಬಟ್ಟಲು ನೋಡಿದ. ಒಂದೊಂದೇ ಗುಂಡಿ ಬಿಚ್ಚಿ ಅಂಗಿ ತೆಗೆದ. ನಾನು ಬಾಗಿಲಲ್ಲೇ ನಿಂತೆ, ಉಸಿರು ಬಿಟ್ಟರೆ ಎಲ್ಲಿ ಕೆಡುತ್ತದೋ ಎಂದು. ಅವ್ವ ಎದೆಗೆ ತಿಕ್ಕಿದಳು, ಬೆನ್ನಿಗೆ ತಿಕ್ಕಿದಳು. ‘ಏನು ಮೈ ಮಾಡ್ಕೊಂಡೀರಿ, ಬರೇ ತೊಗಲು’ ಎಂದು ಗೊಣಗಿದಳು. ಭುಜ ಆಯಿತು, ಕುತ್ತಿಗೆ ಆಯಿತು.

‘ಕೈ ಎತ್ರಿ.’

ಅಪ್ಪ ಎರಡೂ ಕೈ ಎತ್ತಿದ. ಅವಳ ಬೆರಳು ಬಗಲಿಗೆ ಹೋಯಿತು. ನಾನು ಆ ಕಿಸಿಕಿಸಿ ನಗುವಿಗಾಗಿ ಕಾದೆ. ಅಪ್ಪ ನಗಲಿಲ್ಲ. ಅವ್ವನ ಕೈ ಗಕ್ಕನೆ ನಿಂತಿತು. ಬೆರಳು ಅಲ್ಲೇ ಹಿಂದೆ ಮುಂದೆ ಹರಿದಾಡಿತು. ಅವಳು ಬಗ್ಗಿ, ನರೆತ ಕೂದಲು ಸರಿಸಿ ಕಣ್ಣು ಹತ್ತಿರ ಒಯ್ದಳು. ನಾನೂ ಓಡಿ ಹೋಗಿ ನೋಡಿದೆ. ಬಲ ಬಗಲಿನ ಒಳಗೆ, ತೋಳಿನ ಬುಡದಲ್ಲಿ, ಜೋಳದ ಕಾಳು ಸಾಲಾಗಿ ಇಟ್ಟಂತೆ ಎರಡು ಅರ್ಧಚಂದ್ರದ ಗಂಟುಗಳು. ಹಲ್ಲು. ಮೇಲಿನ ಸಾಲು, ಕೆಳಗಿನ ಸಾಲು. ಗೊಬ್ಬೂರಿನಲ್ಲಿ ಕಾಕಾ ಬಾಯಿಗೆ ಕೈ ಅಡ್ಡ ಹಿಡಿದದ್ದು ಯಾಕೆಂದು ನನಗೆ ಆಗ ತಿಳಿಯಿತು.

‘ಇದು ಯಾವಾಗಿಂದು?’ ಅವ್ವ ಕೇಳಿದಳು.

‘ಜೇವರ್ಗಿದು. ನೋವು ತಡೀಲಾರ್ದ ಕಚ್ಚಿದ. ಕೂಗಿದ್ರ ಮಾವಗ ತಿಳೀತಿತ್ತು. ಕಚ್ಚು ಅಂತ ನಾನ ಹೇಳ್ದೆ.’

ಅವ್ವ ಬಟ್ಟಲು ನೆಲಕ್ಕೆ ಕುಕ್ಕಿದಳು. ಎಣ್ಣೆ ಚೆಲ್ಲಿತು. ಕಣ್ಣಿಂದ ಬಳಬಳ ನೀರು. ‘ನಲವತ್ತು ವರ್ಷ ನನ್ನ ಕೆಟ್ಟಾಕಿ ಮಾಡಿದ್ರಲ್ರಿ! ಅಂದು ಒಂದು ಸಲ ತೋರ್ಸಿದ್ರ ನಿಮ್ದೇನು ಗಂಟು ಹೋಗ್ತಿತ್ತು? ಕೈ ಎತ್ತಿ ತೋರ್ಸಾಕ ಏನಾಗಿತ್ತು ನಿಮಗ?’

ಅಪ್ಪ ಎತ್ತಿದ ಕೈಗಳನ್ನು ಇನ್ನೂ ಇಳಿಸಿರಲಿಲ್ಲ.

‘ಬಾಯಿ ಬಿಡಂಗಿಲ್ಲ ಅಂತ ಅವಗ ಮಾತು ಕೊಟ್ಟಿದ್ದೆ’ ಎಂದ. ‘ನಿನ್ನ ಬೆರಳಿಗೆ ಸಿಕ್ಕೇ ಸಿಗ್ತದ ಅಂತ ಕಾಯ್ಕೊಂತ ಕುಂತಿದ್ದೆ. ನೀ ಅಂದು ಕೈ ಎತ್ರಿ ಅನ್ಲೇ ಇಲ್ಲ.’